ಬಟ್ಟೆ ಒಣಹಾಕುವ ಕೇಬಲ್ಲು

ನಮ್ಮ ಮನೆಯ ಮಾಳಿಗೆಯ ಮೇಲೆ ಬಟ್ಟೆ ಒಣಹಾಕಲು ಕಟ್ಟಿರುವುದು ಹಗ್ಗವಲ್ಲ, ಟಿವಿಯ ಡಿಶ್ಶಿಗೆ ಹಾಕುವ ಕಪ್ಪು ಕೇಬಲ್ಲು. ಬಳ್ಳಾರಿಯ ಬಿಸಿಲಿಗೆ ಪ್ಲಾಸ್ಟಿಕ್ ಹಗ್ಗ ಒಂದೇ ಬೇಸಿಗೆಗೆ ಪುಡಿಪುಡಿಯಾಗಿ ಉದುರುತ್ತದೆ. ಕಬ್ಬಿಣದ ತಂತಿ ಬಿಳಿ ಪಂಚೆಗೆ ತುಕ್ಕಿನ ಗೆರೆ ಎಳೆಯುತ್ತದೆ. ಈ ಕೇಬಲ್ಲಿಗೆ ಎರಡೂ ಚಾಳಿ ಇಲ್ಲ. ನನ್ನ ಹೆಂಡತಿ ಸುಧಾ ಅದನ್ನು ಬಹಳ ಮೆಚ್ಚಿಕೊಂಡಿದ್ದಾಳೆ. "ನೀವು ಮನಿಗೆ ತಂದ ಹಾಳುಮೂಳು ಸಾಮಾನಿನ್ಯಾಗ ಉಪಯೋಗಕ್ಕ ಬಂದದ್ದು ಇದೊಂದೇ ನೋಡ್ರಿ" ಎಂದು ಪಕ್ಕದ ಮನೆಯವರ ಎದುರಿಗೇ ಹೇಳಿದ್ದಾಳೆ. ನಾನು ಮಾತ್ರ ಮಾಳಿಗೆ ಹತ್ತಿದರೆ ಅದರ ಕಡೆ ನೋಡುವುದಿಲ್ಲ. ಒಣಗಿದ ಬಟ್ಟೆ ತರಲು ಹೇಳಿದರೆ ಮೊಣಕಾಲು ನೋವು ಎನ್ನುತ್ತೇನೆ. ಮೊಣಕಾಲಿಗೆ ಏನೂ ಆಗಿಲ್ಲ. ಆ ಕೇಬಲ್ಲನ್ನು ಕಂಡರೆ ನನಗೆ ನಾಚಿಕೆಯಾಗುತ್ತದೆ, ಅಷ್ಟೇ.

ಕೇಬಲ್ಲಿಗೆ ನಾಚುವ ಮನುಷ್ಯನನ್ನು ನೀವು ನೋಡಿರಲಾರಿರಿ. ಸ್ವಲ್ಪ ವಿವರವಾಗಿ ಹೇಳಬೇಕು.

ನಾನು ಇಲ್ಲಿನ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುವವನು. ಎಲ್ಲ ಮೇಷ್ಟರಿಗೂ ಒಂದು ಪ್ರೀತಿಯ ಪಾಠ ಇರುತ್ತದೆ. ನನ್ನದು, ಇಂಪೀಡೆನ್ಸ್ ಅಳೆಯುವ ಮೀಟರಿಗೆ ಎಂಥ ಕೇಬಲ್ ಆರಿಸಬೇಕು ಎಂಬುದು. ಹೆಸರು ಕೇಳಿ ಗಾಬರಿಯಾಗಬೇಡಿ. ಅತ್ತಿಂದಿತ್ತ ಓಡಾಡುವ ಕರೆಂಟಿಗೆ ಒಂದು ವಸ್ತು ಎಷ್ಟು ಅಡ್ಡ ನಿಲ್ಲುತ್ತದೆ ಎಂದು ಹೇಳುವುದು ಆ ಮೀಟರಿನ ಕೆಲಸ. ಅಳೆಯಬೇಕಾದದ್ದು ಬಹಳ ಸೂಕ್ಷ್ಮ, ಆದ್ದರಿಂದ ಮೀಟರಿಗೂ ವಸ್ತುವಿಗೂ ನಡುವೆ ಇರುವ ಕೇಬಲ್ಲು ನಂಬಿಕಸ್ತನಾಗಿರಬೇಕು. ಅದರ ನಡುವೆ ಒಂದು ತಾಮ್ರದ ತಂತಿ, ಸುತ್ತ ಪ್ಲಾಸ್ಟಿಕ್ಕು, ಅದರ ಸುತ್ತ ಲೋಹದ ಜಾಲರಿ, ಮೇಲೊಂದು ಕರಿ ಹೊದಿಕೆ. "ಜಾಲರಿ ಅಂದ್ರ ಮನಿ ಸುತ್ತ ಕಂಪೌಂಡು ಇದ್ದಂಗ" ಎಂದು ಪ್ರತಿವರ್ಷ ಹೇಳುತ್ತೇನೆ. "ಕಂಪೌಂಡು ಬಿತ್ತಂದ್ರ ಬೀದಿನಾಯಿ ಒಳಗ ಬಂದು, ನಾನೂ ಈ ಮನಿಯವನೇ ಅಂತದ." ಹುಡುಗರು ಪ್ರತಿವರ್ಷ ನಗುತ್ತಾರೆ. ಆಮೇಲೆ ಬೋರ್ಡಿನ ಮೇಲೆ ಬರೆಸುತ್ತೇನೆ: ಮೀಟರಿನ ಜೊತೆ ಬಂದ ಕೇಬಲ್ಲನ್ನೇ ಬಳಸಬೇಕು, ಇಲ್ಲವೇ ಅದೇ ಜಾತಿಯದನ್ನು ತರಬೇಕು. ಉದ್ದ ಕಡಿಮೆ ಇದ್ದಷ್ಟೂ ಒಳ್ಳೆಯದು. ಜಾಲರಿ ಕೊನೆಯ ತುದಿಯವರೆಗೂ ತಂತಿಯನ್ನು ಮುಚ್ಚಿರಬೇಕು. ಕೇಬಲ್ ಬದಲಿಸಿದರೆ, ಏನನ್ನೂ ಅಳೆಯುವ ಮೊದಲು ತುದಿ ಬಿಚ್ಚಿಟ್ಟು ಒಮ್ಮೆ, ತುದಿ ಕೂಡಿಸಿ ಒಮ್ಮೆ ನೋಡಿ, ಕೇಬಲ್ಲಿನ ಪಾಲನ್ನು ಕಳೆದು ಸೊನ್ನೆ ಮಾಡಿಕೊಳ್ಳಬೇಕು. ಈ ಕೊನೆಯ ಮಾತನ್ನು ಮೌಖಿಕ ಪರೀಕ್ಷೆಯಲ್ಲಿ ಹೇಳದವರನ್ನು ಬಾಗಿಲ ಹೊರಗೆ ನಿಲ್ಲಿಸಿದ್ದೇನೆ. ಈಗ ಅವರೆಲ್ಲರ ಮುಖ ಒಂದೊಂದಾಗಿ ನೆನಪಿಗೆ ಬರುತ್ತದೆ.

ತಂತಿಯ ಹುಚ್ಚು ನನಗೆ ಚಿಕ್ಕಂದಿನಿಂದಲೂ ಇತ್ತು. ನಮ್ಮ ತಂದೆ ಕುರುಗೋಡಿನಲ್ಲಿ ಸಾಲಿ ಮಾಸ್ತರರಾಗಿದ್ದರು. ಆ ಊರಿನ ಸುತ್ತ ಬಂಡೆಗುಡ್ಡ. ಟಿವಿಯ ಚಿತ್ರ ಬಂಡೆ ಹತ್ತಿ ಇಳಿದು ಬರುವಷ್ಟರಲ್ಲಿ ಸುಸ್ತಾಗಿ ಬಿಡುತ್ತದೆ ಎಂದು ನಮ್ಮವ್ವ ಹೇಳುತ್ತಿದ್ದಳು. ಒಂದು ದಿನ ಅವಳು ದೊಡ್ಡ ಸಂಶೋಧನೆ ಮಾಡಿದಳು. ನಾನು ಟಿವಿಯ ಹಿಂದೆ ನಿಂತು ತಂತಿ ಹಿಡಿದುಕೊಂಡರೆ ಚಿತ್ರ ಸ್ವಚ್ಛವಾಗುತ್ತಿತ್ತು. ಅಂದಿನಿಂದ ಮನೆಮಂದಿಯೆಲ್ಲ ಸಿನಿಮಾ ನೋಡುವಾಗ ನಾನು ಹಿಂದೆ ನಿಂತು ಗೋಡೆ ನೋಡುತ್ತಿದ್ದೆ. ಎಷ್ಟೋ ಸಿನಿಮಾಗಳ ಮಾತು ನನಗೆ ಬಾಯಿಪಾಠ ಬರುತ್ತದೆ, ಅವುಗಳ ನಾಯಕಿಯರು ಹೇಗಿದ್ದರೋ ಗೊತ್ತಿಲ್ಲ. ತಂತಿಯ ಹತ್ತಿರ ನಿಂತವನು ತಾನೂ ತಂತಿಯ ಭಾಗವಾಗುತ್ತಾನೆ ಎಂಬುದು ನನಗೆ ಆಗಲೇ ತಿಳಿಯಬೇಕಿತ್ತು.

ಅದೇ ಊರಲ್ಲಿ ಪಕ್ಕದ ಮನೆಯವರ ಆಂಟೆನಾ ತಂತಿಯಿಂದ ಒಂದು ಗೇಣು ಕತ್ತರಿಸಿಕೊಂಡು ಬಂದಿದ್ದೆ. ಒಳಗೆ ಏನಿದೆ ನೋಡುವ ಕುತೂಹಲ. ಅವರ ಟಿವಿಯಲ್ಲಿ ಬರೀ ಸುಣ್ಣ ಸುರಿಯತೊಡಗಿತು. ಪಕ್ಕದ ಮನೆಯ ಕಾಕಾ ಮಾಳಿಗೆ ಹತ್ತಿ ನೋಡಿ, "ಗುಡ್ಡದ ಮಂಗ್ಯಾಗಳ ಕೆಲಸ ಇದು" ಎಂದು ತೀರ್ಮಾನಿಸಿದರು. ಒಂದು ವಾರ ಕವಣೆ ಹಿಡಿದು ಕೋತಿಗಳನ್ನು ಓಡಿಸಿದರು. ಕಲ್ಲು ಆರಿಸಿ ಕೊಟ್ಟವನು ನಾನೇ. ಕೋತಿಗಳು ತಿರುಗಿ ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಇದನ್ನು ಬಹಳ ವರ್ಷ ತಮಾಷೆಯ ಕಥೆಯಾಗಿ ಎಲ್ಲರಿಗೂ ಹೇಳಿ ನಗಿಸುತ್ತಿದ್ದೆ. ಈಗ ಹೇಳುವುದನ್ನು ಬಿಟ್ಟಿದ್ದೇನೆ.

ಯಾಕೆ ಬಿಟ್ಟೆ ಎಂದರೆ, ಸಿರುಗುಪ್ಪದ ಕಡೆಯ ಒಂದು ಅಕ್ಕಿ ಗಿರಣಿಗೆ ನಾನು ಕಾಲಿಟ್ಟ ದಿನದಿಂದ ಹೇಳಬೇಕಾಗುತ್ತದೆ.

ಆ ಗಿರಣಿಯಲ್ಲಿ ಮೌಲಾಸಾಬರು ಎಂಬ ಹಿರಿಯರಿದ್ದರು. ಅವರ ಕೆಲಸ ಭತ್ತ ಕಡಿಯುವುದು. ರೈತರು ತಂದ ಭತ್ತದಲ್ಲಿ ಹಸಿ ಎಷ್ಟಿದೆ ಎಂದು ಗೊತ್ತಾಗದೆ ಗಿರಣಿಯವರು ಕೊಳ್ಳುವುದಿಲ್ಲ. ಹಸಿ ಹೆಚ್ಚಿದ್ದರೆ ಅಕ್ಕಿ ನುಚ್ಚಾಗುತ್ತದೆ, ಗೋದಾಮಿನಲ್ಲಿ ಮುಗ್ಗುತ್ತದೆ. ಮೌಲಾಸಾಬರು ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೆಯುತ್ತಿದ್ದರು. ಮೂಸುತ್ತಿದ್ದರು. ಒಂದು ಕಾಳನ್ನು ದವಡೆ ಹಲ್ಲಿಗೆ ಕೊಟ್ಟು, ಕಣ್ಣು ಮುಚ್ಚಿ, ಕಟ್ ಎಂದು ಮುರಿಯುತ್ತಿದ್ದರು. ಆ ಸದ್ದು ಕೇಳಿ, ಕಾಳನ್ನು ಒಂದು ಗಳಿಗೆ ನಾಲಿಗೆಯ ಮೇಲೆ ಇಟ್ಟುಕೊಂಡು, "ಹದಿನಾಲ್ಕು" ಎಂದೋ "ಹದಿನಾರು" ಎಂದೋ ಹೇಳುತ್ತಿದ್ದರು. ನೂರಕ್ಕೆ ಇಷ್ಟು ಪಾಲು ನೀರು ಎಂದು ಅರ್ಥ. ಆ ಅಂಕಿಯ ಮೇಲೆ ಯಾರೂ ಮಾತಾಡುತ್ತಿರಲಿಲ್ಲ, ಗಿರಣಿಯ ಸಾಹುಕಾರರೂ ಇಲ್ಲ, ರೈತರೂ ಇಲ್ಲ. ಭತ್ತದ ಹಂಗಾಮು ಶುರುವಾಯಿತೆಂದರೆ ಸಾಬರು ಎಲೆ ಅಡಿಕೆ ಮುಟ್ಟುತ್ತಿರಲಿಲ್ಲ, ಬೀಡಿ ಬಿಡುತ್ತಿದ್ದರು, ಮಧ್ಯಾಹ್ನದವರೆಗೆ ಚಹಾ ಕೂಡ ಬೇಡ ಎನ್ನುತ್ತಿದ್ದರು. ನಾಲಿಗೆ ಖಾಲಿ ಇರಬೇಕು ಎಂಬುದು ಅವರ ನೇಮ.

ಸಾಹುಕಾರರಿಗೆ ಒಂದು ಮೀಟರು ಬೇಕಾಗಿತ್ತು. ಪೇಟೆಯಲ್ಲಿ ಭತ್ತ ನೋಡುವ ಸಿದ್ಧ ಮೀಟರು ಸಿಗುತ್ತದಲ್ಲ ಎಂದು ನೀವು ಕೇಳಬಹುದು. ಸಾಹುಕಾರರೂ ಕೇಳಿದರು. ಅದರಪ್ಪನಂಥದ್ದು ನಾನೇ ಮಾಡಿಕೊಡುತ್ತೇನೆ ಎಂದೆ. ಕಾಲೇಜಿನ ಹರಾಜಿನಲ್ಲಿ ಕೊಂಡ ಹಳೆಯ ಇಂಪೀಡೆನ್ಸ್ ಮೀಟರೊಂದು ನನ್ನ ಮನೆಯಲ್ಲಿ ಧೂಳು ತಿನ್ನುತ್ತಿತ್ತು, ನಾಲ್ಕು ಜನರ ಎದುರು ಅದನ್ನು ಮೆರೆಸುವ ಆಸೆ ನನಗೆ ಬಹಳ ದಿನದಿಂದ ಇತ್ತು. ಒಂದು ಸ್ಟೀಲಿನ ಡಬ್ಬಿ, ಅದರ ನಡುವೆ ಒಂದು ಸರಳು. ಡಬ್ಬಿಗೆ ತೂಗಿದ ಭತ್ತ ಸುರಿದು ಮೀಟರಿಗೆ ಜೋಡಿಸಿದರೆ, ಹಸಿ ಭತ್ತಕ್ಕೂ ಒಣ ಭತ್ತಕ್ಕೂ ಅಂಕಿ ಬೇರೆ ಬರುತ್ತದೆ. ಕಾಲೇಜಿನ ಲ್ಯಾಬಿನಲ್ಲಿ ಮೀಟರಿನ ಜೊತೆಗೆ ಬಂದಿದ್ದ ಮೂರಡಿ ಉದ್ದದ ಕೇಬಲ್ಲು ಹಾಕಿ, ಒಲೆಯಲ್ಲಿ ಒಣಗಿಸಿ ತೂಗಿ ನೋಡಿದ ಭತ್ತದ ಜೊತೆ ತಾಳೆ ಹಾಕಿ, ಯಾವ ಅಂಕಿಗೆ ಎಷ್ಟು ಹಸಿ ಎಂದು ಪಟ್ಟಿ ಮಾಡಿದೆ. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು.

ಗಿರಣಿಗೆ ಹೋದಾಗ ಗೊತ್ತಾಯಿತು, ಮೀಟರನ್ನು ಅಂಗಳದ ಧೂಳಿನಲ್ಲಿ ಇಡುವ ಹಾಗಿಲ್ಲ. ಅದು ಆಫೀಸು ಕೋಣೆಯಲ್ಲಿ, ಡಬ್ಬಿ ಹೊರಗೆ ಚೀಲ ಇಳಿಸುವ ಕಟ್ಟೆಯ ಮೇಲೆ, ಕೇಬಲ್ಲು ಕಿಟಕಿಯಿಂದ ಹೊರಗೆ. ನನ್ನ ಕೇಬಲ್ಲು ಕಿಟಕಿಯನ್ನೂ ಮುಟ್ಟಲಿಲ್ಲ. ಸರಿಯಾದ ಉದ್ದದ ಕೇಬಲ್ಲು ಬೆಂಗಳೂರಿನಿಂದ ಬರಬೇಕು, ವಾರ ಹಿಡಿಯುತ್ತದೆ. ಮೆರೆಯಲು ಹೊರಟವನಿಗೆ ವಾರ ಕಾಯುವ ತಾಳ್ಮೆ ಎಲ್ಲಿಯದು? ನನ್ನ ಚೀಲದಲ್ಲಿ ಡಿಶ್ಶಿನ ಕೇಬಲ್ಲಿನ ಸುರುಳಿ ಇತ್ತು. ಹೊರಗೆ ನೋಡಲು ಎರಡೂ ಅಣ್ಣತಮ್ಮಂದಿರೇ. ಆದರೆ ಡಿಶ್ಶಿನದು ದಪ್ಪ, ನನ್ನ ಡಬ್ಬಿಯ ಪಿನ್ನಿಗೆ ಕೂರುವುದಿಲ್ಲ. ಅದರ ಜಾಲರಿ ಅಲ್ಯುಮಿನಿಯಮ್ಮಿನದು, ಬೆಸುಗೆ ಹತ್ತುವುದಿಲ್ಲ. ಹೀಗಾಗಿ ಡಬ್ಬಿಗೊಂದು, ಸರಳಿಗೊಂದು ಎಂದು ಎರಡು ಎಳೆ ಮಾಡಿ, ಡಬ್ಬಿಯ ಕಡೆಯ ತುದಿಯಲ್ಲಿ ಜಾಲರಿಯನ್ನು ಒಂದು ಗೇಣು ಸುಲಿದು, ಒಳಗಿನ ತಂತಿಗಳನ್ನು ಬೋಳಾಗಿ ಹೊರತೆಗೆದು, ಹೊಸೆದು, ಕರಿ ಟೇಪು ಸುತ್ತಿದೆ. ಇಷ್ಟಾದ ಮೇಲೆ ತುದಿ ಬಿಚ್ಚಿಟ್ಟು ಒಮ್ಮೆ, ಕೂಡಿಸಿ ಒಮ್ಮೆ ನೋಡಿ ಸೊನ್ನೆ ಮಾಡಿಕೊಳ್ಳಬೇಕಿತ್ತು. ಅಷ್ಟರಲ್ಲಿ ಸಾಹುಕಾರರ ಮನೆಯಿಂದ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ಬಜ್ಜಿ ಬಂತು. ಮಿರ್ಚಿ ಆರಿಹೋದರೆ ಅದಕ್ಕೆ ಅರ್ಥವಿಲ್ಲ ಎಂದು ನಾನು ಕೈ ತೊಳೆಯಲು ಎದ್ದೆ.

ತಿಂದು ಬಂದಾಗ ಅಂಗಳದ ತುಂಬ ರೈತರು ಸೇರಿದ್ದರು. ಸಾಹುಕಾರರು ಒಂದು ಚೀಲ ಬಿಚ್ಚಿಸಿದರು. ಮೌಲಾಸಾಬರು ಕೈ ಇಳಿಸಿ, ಮೂಸಿ, ಕಡಿದು, "ಹದಿನಾಲ್ಕು ಐತ್ರಿ" ಎಂದರು. ಅದೇ ಚೀಲದ ಭತ್ತವನ್ನು ನಾನು ಡಬ್ಬಿಗೆ ಸುರಿದು ಒಳಗೆ ಹೋಗಿ ನೋಡಿದೆ. ಪಟ್ಟಿಯ ಪ್ರಕಾರ ಹದಿನೇಳು. ಕಿಟಕಿಯಿಂದ ಕೂಗಿ ಹೇಳಿದೆ. ಸಾಬರು ಇನ್ನೊಂದು ಕಾಳು ಕಡಿದರು. "ಹದಿನಾಲ್ಕು" ಎಂದರು, ಈ ಸಲ ಸ್ವಲ್ಪ ಮೆತ್ತಗೆ. ಮತ್ತೊಂದು ಚೀಲ ಬಿಚ್ಚಿದರು. ಅವರು ಹದಿಮೂರು ಎಂದರು, ಮೀಟರು ಹದಿನಾರು ಎಂದಿತು. ಆಂಧ್ರದ ಗಡಿಯಾಚೆಯಿಂದ ಬಂದಿದ್ದ ರೈತರೊಬ್ಬರು ತೆಲುಗಿನಲ್ಲಿ, ಮಿಷನ್ನು ಸುಳ್ಳು ಹೇಳುತ್ತದೆಯೇ ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಸಾಹುಕಾರರು ಸುಮ್ಮನೆ ಸಾಬರನ್ನೇ ನೋಡುತ್ತ ನಿಂತರು. ಇಷ್ಟು ವರ್ಷ ಎಷ್ಟು ಹಸಿ ಭತ್ತ ಗೋದಾಮಿಗೆ ಹೋಗಿದೆಯೋ ಎಂದು ಅವರು ಲೆಕ್ಕ ಹಾಕುತ್ತಿದ್ದುದು ಮುಖದಲ್ಲಿ ಕಾಣುತ್ತಿತ್ತು.

ಆಗ ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ಹೊರಗೆ ಬಂದು, ಕ್ಲಾಸಿನಲ್ಲಿ ನಗಿಸುವ ಅದೇ ದನಿಯಲ್ಲಿ, "ಹಲ್ಲಿಗೆ ವಯಸ್ಸಾಗ್ತದ ಸಾಬ್ರ, ಮೀಟರಿಗೆ ಆಗಂಗಿಲ್ಲ" ಎಂದೆ.

ಅಂಗಳವೆಲ್ಲ ನಕ್ಕಿತು. ಸಾಬರು ಬಾಯಲ್ಲಿದ್ದ ಕಾಳನ್ನು ಅಂಗೈಗೆ ತೆಗೆದುಕೊಂಡು ಒಂದು ಸಲ ನೋಡಿ, ಹೆಗಲ ಮೇಲಿನ ಟವೆಲ್ಲಿನಿಂದ ತುಟಿ ಒರೆಸಿಕೊಂಡು ಚೀಲಗಳ ಹಿಂದೆ ಹೋದರು. ಆ ದಿನ ಬಸ್ಸಿನಲ್ಲಿ ಬಳ್ಳಾರಿಗೆ ಬರುವಾಗ ನಾನು ಆ ಮಾತನ್ನು ಮನಸ್ಸಿನಲ್ಲೇ ಇನ್ನೆರಡು ಸಲ ಹೇಳಿಕೊಂಡು ಖುಷಿಪಟ್ಟೆ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತಿದೆ.

ಮೊದಲ ಚೀಲದ ಭತ್ತವನ್ನು ಒಂದು ಬಿಗಿ ಮುಚ್ಚಳದ ಡಬ್ಬಿಯಲ್ಲಿ ತಂದಿದ್ದೆ, ಕ್ಲಾಸಿನಲ್ಲಿ ಪ್ರದರ್ಶನಕ್ಕೆ. ಎರಡು ದಿನದ ಮೇಲೆ ಲ್ಯಾಬಿನ ಇನ್ನೊಂದು ಮೀಟರಿಗೆ, ಅದರದೇ ಚಿಕ್ಕ ಕೇಬಲ್ಲು ಹಾಕಿ ವಿದ್ಯಾರ್ಥಿಗಳ ಎದುರು ನೋಡಿದೆ. ಹದಿನಾಲ್ಕು. ಒಲೆಯಲ್ಲಿ ಒಣಗಿಸಿ ತೂಗಿದೆ. ಹದಿನಾಲ್ಕು. ಬೋಳಾಗಿ ಬಿಟ್ಟಿದ್ದ ಆ ಗೇಣುದ್ದದ ತಂತಿಗಳು ಒಂದರ ಪಕ್ಕ ಒಂದು ನಿಂತು, ತಮ್ಮ ನಡುವಿನ ಪಾಲನ್ನೂ ಭತ್ತದ ಲೆಕ್ಕಕ್ಕೆ ಸೇರಿಸಿದ್ದವು. ಭತ್ತ ಎಷ್ಟೇ ಒಣಗಿರಲಿ, ಮೀಟರು ಮೂರು ಹೆಚ್ಚಿಗೆ ಹೇಳುತ್ತಿತ್ತು. ಬೀದಿನಾಯಿಗೆ ಬಾಗಿಲು ತೆಗೆದವನು ನಾನೇ. ಮುಂದಿನ ಬೆಂಚಿನ ಹುಡುಗಿಯೊಬ್ಬಳು, "ಸರ್, ಗಿರಣ್ಯಾಗ ಎಷ್ಟು ಬಂದಿತ್ರಿ?" ಎಂದು ಕೇಳಿದಳು.

"ಇಷ್ಟೇ ಬಂದಿತ್ತಮ್ಮ" ಎಂದೆ. ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಬೆಂಗಳೂರಿನಿಂದ ಸರಿಯಾದ ಕೇಬಲ್ಲು ತರಿಸಿ, ಅದು ಬಂದ ಮೇಲಿನ ಭಾನುವಾರ ಗಿರಣಿಗೆ ಹೋದೆ. ದಾರಿಯುದ್ದಕ್ಕೂ ಟಾರು ರಸ್ತೆಯ ಅಂಚಿನಲ್ಲಿ ರೈತರು ಭತ್ತ ಹರವಿಕೊಂಡು ಕೂತಿದ್ದರು, ಒಣಗಿದ್ದ ಭತ್ತವನ್ನೇ ಮತ್ತೆ ಒಣಗಿಸುತ್ತ. ನಾನು ಬಸ್ಸಿನ ಇನ್ನೊಂದು ಬದಿಯ ಕಿಟಕಿಯಿಂದ ಹೊರಗೆ ನೋಡಿದೆ. ಕೇಬಲ್ ಬದಲಿಸಿ, ಸೊನ್ನೆ ಮಾಡಿ, ಸಾಹುಕಾರರಿಗೆ "ಸ್ವಲ್ಪ ಸುಧಾರಣೆ ಮಾಡೀನ್ರಿ" ಎಂದೆ. ತಪ್ಪಿತ್ತು ಎನ್ನಲಿಲ್ಲ. ಅವರು ಬಹಳ ಸಂತೋಷಪಟ್ಟು, ಒಂದು ಚೀಲ ಸೋನಾ ಅಕ್ಕಿಯನ್ನು ಬಸ್ಸಿನ ಮೇಲೆ ಹಾಕಿಸಿದರು. ಹಳೆಯ ಕೇಬಲ್ಲನ್ನು ಅಲ್ಲಿ ಬಿಡಲು ಧೈರ್ಯವಾಗದೆ ಸುತ್ತಿಕೊಂಡು ಮನೆಗೆ ತಂದೆ. ಸುಧಾ ಅದನ್ನು ಮಾಳಿಗೆಗೆ ಕಟ್ಟಿದಳು. ಆ ಅಕ್ಕಿಯನ್ನು ನಾವು ನಾಲ್ಕು ತಿಂಗಳು ಉಂಡೆವು. ಅನ್ನ ಬಹಳ ಚೆನ್ನಾಗಿತ್ತು ಎಂದು ಹೇಳಲೂ ನಾಚಿಕೆ.

ಆ ಭಾನುವಾರ ಅಂಗಳದಲ್ಲಿ ಸಾಬರು ಕಾಣಲಿಲ್ಲ. ಹೊರಬರುವಾಗ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರು, ಕೈಯಲ್ಲಿ ಲಾರಿ ನಂಬರು ಬರೆಯುವ ವಹಿ. ನನ್ನನ್ನು ಕಂಡು ಎದ್ದು ನಿಂತು, "ಬಂದ್ರೇನ್ರಿ ಸರ, ಆರಾಮ ಅದೀರಿಲ್ರಿ?" ಎಂದರು. ಬಾಯಿ ಕೆಂಪಗಿತ್ತು. ಹಂಗಾಮು ಇನ್ನೂ ಮುಗಿದಿರಲಿಲ್ಲ, ಸಾಬರು ಎಲೆ ಹಾಕಿಕೊಂಡಿದ್ದರು. ಆರಾಮ ಅದೀನಿ ಎಂದು ಹೇಳಿ ಬಸ್ಸಿಗೆ ಓಡಿದೆ.

ಮುಂದಿನ ಹಂಗಾಮಿನವರೆಗೆ ಇದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೆ. ನಡುವೆ ಬೇಕಾದಷ್ಟು ಸಮಾಧಾನ ಹೇಳಿಕೊಂಡೆ. ಅವರಿಗೂ ವಯಸ್ಸಾಗಿತ್ತು, ಕುರ್ಚಿಯ ಕೆಲಸ ಹಗುರ, ಮೀಟರು ಈಗ ಸರಿಯಾಗಿಯೇ ಇದೆಯಲ್ಲ. ಒಂದು ದಿನ ಸುಧಾ, "ಆ ಕೇಬಲ್ಲು ಸಡಿಲಾಗೇದ, ಬಿಗಿ ಕಟ್ರಿ" ಎಂದಾಗ ನನಗೆ ಸುಮ್ಮಸುಮ್ಮನೆ ಸಿಟ್ಟು ಬಂತು. ಅವಳು ಸಿಟ್ಟಾಗಲಿಲ್ಲ. ಕೂತು ಕೇಳಿದಳು. ಎಲ್ಲವನ್ನೂ ಹೇಳಿದೆ, ಕೋತಿಯ ಕಥೆಯ ಹಾಗಲ್ಲ, ಇದ್ದದ್ದು ಇದ್ದ ಹಾಗೆ. ಕೇಳಿದ ಮೇಲೆ ಅವಳು ಅಡುಗೆ ಮನೆಯ ಕಡೆ ನೋಡಿ, "ಆ ಅಕ್ಕಿನೂ ಉಂಡ್ವಿ" ಎಂದಳು. ಮರುದಿನ ನಾನು ಮಾಳಿಗೆ ಹತ್ತಿ, ಗಂಟಿನಾಚೆ ಜೋತು ಬಿದ್ದಿದ್ದ ತುದಿಯಿಂದ ಒಂದು ಗೇಣು ಕತ್ತರಿಸಿಕೊಂಡು, ಸಿರುಗುಪ್ಪದಲ್ಲಿ ಆಟೋ ಹಿಡಿದು, ರಾರಾವಿಯಲ್ಲಿದ್ದ ಮೌಲಾಸಾಬರ ಮನೆಗೆ ಹೋದೆ.

ಸಾಬರು ಕಟ್ಟೆಯ ಮೇಲೆ ಚಾಪೆ ಹಾಸಿದರು. ಅವರ ಮನೆಯವರು ಚಹಾ ಕೊಟ್ಟರು. ನಾನು ಕೇಬಲ್ಲಿನ ತುಂಡನ್ನು ಮುಂದಿಟ್ಟು ಹೇಳಿದೆ, ತಪ್ಪು ನಿಮ್ಮ ಹಲ್ಲಿನದಲ್ಲ, ಇದರದು, ಇದನ್ನು ಹಾಕಿದ ನನ್ನದು ಎಂದು. ಅವರು ತುಂಡನ್ನು ಎತ್ತಿಕೊಂಡು, ಬೆರಳಿನ ನಡುವೆ ಹೊರಳಿಸಿ, ಅಭ್ಯಾಸಬಲದಿಂದ ಒಮ್ಮೆ ಮೂಸಿದರು.

"ಇಷ್ಟೇ ಏನ್ರಿ?"

"ಇಷ್ಟೇ ರೀ ಸಾಬ್ರ."

"ಹಂಗಾದ್ರ ಆವತ್ತು ಹದಿನಾಲ್ಕೇ ಇತ್ತು."

"ಹದಿನಾಲ್ಕೇ ಇತ್ತು. ನನಗ ಎರಡು ದಿನದಾಗ ಗೊತ್ತಾತು. ಹೇಳಾಕ ಒಂದು ವರ್ಷ ತಗೊಂಡೆ."

ಸಾಬರು ಯಾರ ಮೇಲೂ ದೂರು ಇಲ್ಲದವರ ಹಾಗೆ ಹೇಳಿದರು. "ಸಾಹುಕಾರ್ರು ನನಗ ಕೆಟ್ಟ ಮಾತು ಆಡಲಿಲ್ರಿ ಸರ. ರೈತ್ರ ಕಡಿಂದ ಏನಾರ ತಗೋತಿದ್ಯೇನು ಅಂತ ಕೇಳಿದ್ರು, ಅಷ್ಟೇ. ಅದಕ್ಕ ನಾ ಅಲ್ಲಾನ ಹೆಸರ ಮ್ಯಾಲ ಇಲ್ಲ ಅಂದೆ. ಆದ್ರ ಹಲ್ಲು ಸುಳ್ಳು ಹೇಳೈತೇನೋ ಅನ್ನೋದಕ್ಕ ಯಾರ ಮುಂದ ಆಣಿ ಮಾಡ್ಲಿ? ಆವತ್ತಿನಿಂದ ಮನ್ಯಾಗ ಸಾರಿಗೆ ಉಪ್ಪು ಐತೋ ಇಲ್ಲೋ ಕೇಳಿದ್ರೂ, ನನ್ನ ಕೇಳಬ್ಯಾಡ್ರಿ ಅಂತೀನಿ."

ಒಳಗಿನಿಂದ ಅವರ ಮನೆಯವರು, "ಹೌದ್ರಿ, ಮೊದಲು ಒಂದು ಹರಳು ಹೆಚ್ಚಾದ್ರೂ ಹೇಳತಿದ್ರು" ಎಂದರು.

ಮಾಫ್ ಮಾಡ್ರಿ ಎಂದೆ. ಅವರು ಕೇಬಲ್ಲಿನ ತುಂಡನ್ನು ನನ್ನ ಕೈಗೆ ವಾಪಸು ಕೊಟ್ಟು, "ಎಲ್ಲಾರ ಮುಂದ ನಗಿಸಿದ್ರಿ ಸರ. ಹೇಳೋದಿದ್ರ ಎಲ್ಲಾರ ಮುಂದ ಹೇಳ್ರಿ" ಎಂದರು.

ಮರುದಿನ ರಜೆ ಹಾಕಿ ಗಿರಣಿಗೆ ಹೋದೆ. ಅಂಗಳದಲ್ಲಿ ಹಿಂದಿನ ವರ್ಷದಷ್ಟೇ ಜನ. ಸಾಹುಕಾರರ ಪಕ್ಕ ನಿಂತು ಎಲ್ಲವನ್ನೂ ಹೇಳಿದೆ: ಕೇಬಲ್ಲು, ಸುಲಿದ ಜಾಲರಿ, ಮಿರ್ಚಿ, ಹಲ್ಲಿನ ಬಗ್ಗೆ ಆಡಿದ ಮಾತು, ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡದ್ದು. ಕ್ಲಾಸಿನ ದನಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಯಾರೂ ಬೈಯಲಿಲ್ಲ. ಹಿಂದಿನ ವರ್ಷ ಭತ್ತವನ್ನು ಎರಡು ಸಲ ಒಣಗಿಸಿದ್ದ ರೈತರೊಬ್ಬರು ಮಾತ್ರ, "ಓದಿದೋರು" ಎಂದು ಹೇಳಿ ಆಚೆ ಮುಖ ಮಾಡಿದರು. ಸಾಹುಕಾರರು ತಲೆ ಕೆರೆದುಕೊಂಡು, "ಅಯ್ಯೋ, ಹಿಂಗಾತೇನು" ಎಂದು, ತಾವೇ ಗೇಟಿನವರೆಗೆ ಹೋಗಿ ಮೌಲಾಸಾಬರ ಕೈ ಹಿಡಿದು ಕರೆತಂದರು.

ಸಾಬರು ಆ ದಿನ ಎಲೆ ಹಾಕಿರಲಿಲ್ಲ. ನಳದ ಹತ್ತಿರ ಹೋಗಿ ಮೂರು ಸಲ ಬಾಯಿ ಮುಕ್ಕಳಿಸಿ ಬಂದರು. ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿ, ತಳದ ಒಂದು ಹಿಡಿ ತೆಗೆದು, ಮೂಸಿದರು. ಒಂದು ಕಾಳು ದವಡೆಗೆ ಹೋಯಿತು. ಅವರು ಕಣ್ಣು ಮುಚ್ಚಿದರು. ಕಟ್ ಎಂದ ಸದ್ದು ನನಗೂ ಕೇಳಿಸಿತು.

"ಎಷ್ಟ್ರಿ ಸಾಬ್ರ?" ಎಂದರು ಸಾಹುಕಾರರು.

ಸಾಬರು ಕಣ್ಣು ತೆರೆದರು. "ಮೀಟರ್ ಏನಂತೈತಿ ನೋಡ್ರಿ ಮೊದಲ" ಎಂದರು.

ಎಲ್ಲರೂ ನಕ್ಕರು. ಸಾಬರು ನನಗೆ ಸರಿಯಾಗಿ ಕೊಟ್ಟರು ಎಂದುಕೊಂಡು ಒಬ್ಬಿಬ್ಬರು ಅವರ ಬೆನ್ನು ತಟ್ಟಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಸಾಬರು ನಗುತ್ತಿರಲಿಲ್ಲ. ಮುರಿದ ಕಾಳನ್ನು ನಾಲಿಗೆಯ ಮೇಲೆ ಇಟ್ಟುಕೊಂಡು, ಆಫೀಸಿನ ಕಿಟಕಿಯ ಕಡೆ ನೋಡುತ್ತ, ಅಲ್ಲಿಂದ ಯಾರಾದರೂ ಅಂಕಿ ಹೇಳುತ್ತಾರೆಂದು ಕಾಯುತ್ತಿದ್ದರು.